ಪಿಳ್ಳಪ್ಪನ ಮರಿಮಗ

ಭಾನುವಾರ ಬೆಳಗ್ಗೆ ಬಂಗಾರಪೇಟೆಯಿಂದ ವೆಂಕಟೇಶಪ್ಪನವರು ಫೋನು ಮಾಡಿ ಆ ಒಂದು ಪ್ರಶ್ನೆ ಕೇಳದೆ ಇದ್ದಿದ್ದರೆ ಮುನೀಂದ್ರನ ಮದುವೆ ಆ ತಿಂಗಳಲ್ಲೇ ಮುಗಿದುಹೋಗುತ್ತಿತ್ತು.

"ಎಲ್ಲಾ ಸರಿ ಕಣಪ್ಪಾ, ನಾಳೆ ಎಲೆ ಅಡಿಕೆ ಬದಲಾಯಿಸ್ಕೊಳ್ಳಾನ. ಆದ್ರೆ ನಿಮ್ದು ಮೂಲ ಯಾವೂರು? ಬೆಡಗು ಯಾವ್ದು? ಅದು ಗೊತ್ತಿಲ್ದೆ ನಮ್ಮೆಣ್ಣು ಕೊಡಾಕಾಗಲ್ಲ. ಸಂಜೆ ಒಳಗೆ ಏಳ್ಬುಡು."

ಬೆಡಗು ಅಂದರೆ ಕುಲದೊಳಗಿನ ಒಂದು ಕವಲು. ಒಂದೇ ಬೆಡಗಿನಲ್ಲಿ ಹುಟ್ಟಿದ ಗಂಡು ಹೆಣ್ಣು ಒಬ್ಬರ ಮುಖ ಒಬ್ಬರು ನೋಡದೆ ಇದ್ದರೂ ಅಣ್ಣ ತಂಗಿ, ಅವರ ನಡುವೆ ಮದುವೆಯ ಮಾತೇ ಇಲ್ಲ. ಮುನೀಂದ್ರನಿಗೆ ತನ್ನ ರಕ್ತದ ಗುಂಪು ಗೊತ್ತಿತ್ತು, ಬೆಡಗು ಗೊತ್ತಿರಲಿಲ್ಲ. ಕೇಳೋಣವೆಂದರೆ ಅಪ್ಪ ಅಮ್ಮ ಇಬ್ಬರೂ ಹೋಗಿ ವರ್ಷಗಳಾಗಿದ್ದವು.

ನಲವತ್ತಮೂರು ವಯಸ್ಸಿನ ಮುನೀಂದ್ರ ರಾಬರ್ಟ್‌ಸನ್‌ಪೇಟೆಯಲ್ಲಿ ಗ್ಯಾಸ್ ಸ್ಟೌ ರಿಪೇರಿ ಮಾಡುತ್ತಿದ್ದ. ಊರಿನವರ ಮನೆಯ ಒಲೆಗಳನ್ನೆಲ್ಲ ಹೊತ್ತಿಸಿಕೊಟ್ಟು, ಮೈಸೂರು ಮೈನ್ಸ್ ಚಿನ್ನದ ಗಣಿಯವರು ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ್ದ ಹಳೇ ಲೈನ್ ಮನೆಗೆ ಬಂದು, ಬೆಳಗಿನ ಅನ್ನವನ್ನೇ ರಾತ್ರಿಗೂ ಬಿಸಿ ಮಾಡಿಕೊಂಡು ತಿನ್ನುತ್ತಿದ್ದ. ಬೀಗ ತೆಗೆಯುವ ಮುಂಚೆ ಒಂದು ಸಲ ಕೆಮ್ಮುವುದು ಅವನ ಅಭ್ಯಾಸ, ಒಳಗೆ ಯಾರೋ ಇದ್ದಾರೆ ಅನ್ನುವ ಹಾಗೆ. ಒಳಗೆ ಯಾರೂ ಇರುತ್ತಿರಲಿಲ್ಲ.

ಇಂಥವನಿಗೆ ಸುಮಿತಾ ಸಿಕ್ಕಿದ್ದಳು. ಬಂಗಾರಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು, ಮೂವತ್ತಾರರ ಹೆಣ್ಣು. ತಂದೆ ತಾಯಿ ಇಬ್ಬರೂ ಇಲ್ಲ, ಸೋದರಮಾವ ವೆಂಕಟೇಶಪ್ಪನವರೇ ದಿಕ್ಕು. ಎರಡು ವಾರದ ಹಿಂದೆ ಇಬ್ಬರೂ ಪಾನಿಪುರಿ ಗಾಡಿಯ ಮುಂದೆ ನಿಂತಿದ್ದಾಗ ಖಾರ ಹತ್ತಿ ಮುನೀಂದ್ರನ ಕಣ್ಣಲ್ಲಿ ನೀರು ಬಂದಿತ್ತು. "ಈಗ್ಲೇ ಅಳ್ಬೇಡಿ, ಮದ್ವೆ ಆದ್ಮೇಲೆ ಬೇಕಾದಷ್ಟು ಟೈಮ್ ಐತೆ" ಅಂದಿದ್ದಳು ಅವಳು. ಆ ಮಾತನ್ನು ನೆನೆಸಿಕೊಂಡು ಅವನು ಹದಿನೈದು ದಿನ ಒಬ್ಬನೇ ನಕ್ಕಿದ್ದ.

ಪಕ್ಕದ ಮನೆಯ ಕುಪ್ಪುಸ್ವಾಮಿ ಗೋಡೆಯಾಚೆಯಿಂದಲೇ ಫೋನಿನ ಮಾತು ಕೇಳಿಸಿಕೊಂಡು ಒಳಗೆ ಬಂದರು. ಅವರು ಮೊದಲು ಗಣಿಯೊಳಗೆ ಇಳಿಯುತ್ತಿದ್ದವರು. ಗಣಿ ಮುಚ್ಚಿದ ಮೇಲೆ ಬೇರೆಯವರ ಸಂಸಾರದೊಳಗೆ ಇಳಿಯತೊಡಗಿದ್ದರು.

"ಅಯ್ಯೋ ತಂಬಿ, ಇದಕ್ಯಾಕೆ ತಲೆ ಮೇಲೆ ಕೈ ಇಟ್ಕೊಂಡಿದ್ದೀಯಾ? ಯಾವುದೋ ಒಂದು ಬೆಡಗು ಹೇಳಿಬಿಡು. ನಿಮ್ಮ ಮುತ್ತಾತ ಎದ್ದು ಬಂದು ಸುಳ್ಳು ಅಂತಾನಾ?"

"ನಾನು ಹೇಳಿದ್ದೇ ಅವರದ್ದೂ ಆಗಿಬಿಟ್ರೆ?"

ಕುಪ್ಪುಸ್ವಾಮಿ ಇದನ್ನು ಯೋಚಿಸಿರಲಿಲ್ಲ. "ಸರಿ, ವಾ, ಅಮ್ಮಾಜಮ್ಮನ್ನ ಕೇಳೋಣ" ಎಂದು ಹೊರಟೇಬಿಟ್ಟರು.

ಲೈನಿನ ಕೊನೇ ಮನೆಯ ಅಮ್ಮಾಜಮ್ಮನಿಗೆ ಕಣ್ಣು ಮಂಜಾಗಿತ್ತು, ನೆನಪು ಮಂಜಾಗಿರಲಿಲ್ಲ. ಮುನೀಂದ್ರನ ಅಜ್ಜಿ ಆಕೆಯ ಜೊತೆ ನಲ್ಲಿ ನೀರಿಗೆ ನಿಂತು ಹೇಳಿದ್ದ ಕತೆಯನ್ನೆಲ್ಲ ಬಿಚ್ಚಿದಳು.

"ನಿಮ್ಮ ಮುತ್ತಾತ ಪಿಳ್ಳಪ್ಪ. ಕ್ಯಾಸಂಬಳ್ಳಿ ತಾವ ಸೀಗೆಗುಂಟಹಳ್ಳಿಯೋನು, ಬೇಸಾಯಗಾರ. ಬಿಳೀ ದೊರೆಗಳು ಇಲ್ಲಿ ನೆಲ ಅಗೆದು ಚಿನ್ನ ತೆಗೆಯಾಕೆ ಸುರು ಮಾಡಿದ್ರಲ್ಲ, ಆವಾಗ ಅವ್ನ ತಲೆ ಕೆಡ್ತು. ಅಲ್ಲಿರೋ ಚಿನ್ನ ನಮ್ಮೊಲದಾಗೆ ಯಾಕಿರಲ್ಲ ಅಂತ ರಾಗಿ ಬಿತ್ತೋದು ಬುಟ್ಟು ಅಗೆಯಾಕೆ ನಿಂತ. ಎತ್ತು ಮಾರ್ದ. ಎಂಡ್ತಿ ತೌರಿಗೆ ಓದೋಳು ಬರ್ಲಿಲ್ಲ. ಕೊನೆಗೆ ಬದುವಿನ ಮ್ಯಾಲಿದ್ದ ದೇವ್ರ ಕಲ್ಲಿನ ಬುಡಕ್ಕೂ ಗುದ್ದಲಿ ಆಕ್ದ. ಊರೋರು ಕುಲದಿಂದ ಆಚೆಗಾಕಿದ್ರು."

"ಆಮೇಲೆ?"

"ಆಮ್ಯಾಕೇನು, ಇಲ್ಲಿಗೆ ಬಂದು ಗಣಿ ಕೂಲಿ ಸೇರ್ದ. ಜೀವ ಇರೋಗಂಟ ದೊರೆಗಳ ಚಿನ್ನ ಒತ್ತು ಮ್ಯಾಕಾಕ್ದ, ತನಗೊಂದು ಉಂಗ್ರ ಕಾಣಲಿಲ್ಲ. ಇಂಥೋನಿಗೆ ಯಾರು ಎಣ್ಣು ಕೊಡ್ತಾರೆ? ಐವತ್ತರ ಅತ್ರ ಬಂದಾಗ ಇನ್ನೊಂದು ಮದ್ವೆ ಆಯ್ತು. ನಿಮ್ಮ ತಾತಂಗೂ ಅಂಗೇ, ನಿಮ್ಮಪ್ಪಂಗೂ ಅಂಗೇ. ನಿಮ್ಮ ವಂಸದಾಗೆ ಎಲ್ರೂ ತಡ ಕಣಪ್ಪಾ."

ಬೆಡಗಿನ ಹೆಸರು ಆಕೆಗೂ ಗೊತ್ತಿರಲಿಲ್ಲ. ಆದರೆ ಮುನೀಂದ್ರ ಒಂದು ಗಳಿಗೆ ಬೆಡಗನ್ನೇ ಮರೆತ. ಇದೇ ಲೈನಿನ ಯಾವುದೋ ಮನೆಯಲ್ಲಿ ಪಿಳ್ಳಪ್ಪನೂ ಒಬ್ಬನೇ ಮುದ್ದೆ ತಿರುವಿಕೊಂಡು ಕೂತಿರುತ್ತಿದ್ದನೇನೋ ಅನ್ನಿಸಿತು. ನೂರು ಚಿಲ್ಲರೆ ವರ್ಷದ ಹಿಂದೆ ಸತ್ತವನ ಮೇಲೆ ಅವನಿಗೆ ಸ್ನೇಹ ಹುಟ್ಟಿತು.

ಬೆಡಗನ್ನು ಮೂಲ ಊರಿನಲ್ಲೇ ಕೇಳೋಣವೆಂದು ಇಬ್ಬರೂ ಹೊರಟರು. ಕುಪ್ಪುಸ್ವಾಮಿಯ ಮೊಪೆಡ್ಡು ಕ್ಯಾಸಂಬಳ್ಳಿಗೆ ಇನ್ನೂ ದೂರವಿರುವಾಗಲೇ ಪೆಟ್ರೋಲ್ ಮುಗಿದು ನಿಂತಿತು. ಮುನೀಂದ್ರ ಮದುವೆ ಗಂಡಿನ ಬಿಳಿ ಶರ್ಟಿನಲ್ಲಿ ಅದನ್ನು ತಳ್ಳಿದ, ಕುಪ್ಪುಸ್ವಾಮಿ ಹ್ಯಾಂಡಲ್ ಹಿಡಿದು ದಾರಿ ತೋರಿಸಿದರು. ಸೀಗೆಗುಂಟಹಳ್ಳಿ ಮುಟ್ಟುವಾಗ ಮುನೀಂದ್ರ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಟೀ ಅಂಗಡಿಯ ಮುಂದೆ ಮಾತು ಶುರು ಮಾಡಿದವರು ಕುಪ್ಪುಸ್ವಾಮಿ.

"ಇವರ ಮುತ್ತಾತ ಪಿಳ್ಳಪ್ಪ ಅಂತ. ಅವರ ಹೊಲ ಇಲ್ಲೇ ಎಲ್ಲೋ ಇದೆಯಂತೆ, ಸ್ವಲ್ಪ ತೋರಿಸ್ತೀರಾ?"

ಈಗಿನ ಕಾಲದಲ್ಲಿ ಬಿಳಿ ಶರ್ಟು ಹಾಕಿಕೊಂಡು ಬಂದವನ ಪರವಾಗಿ ಯಾರಾದರೂ ಹೀಗೆ ಕೇಳಿದರೆ ಹಳ್ಳಿಯವರು ಟೀ ಕೊಡುವುದಿಲ್ಲ. ಕ್ಷಣದಲ್ಲಿ ಜನ ಸೇರಿತು. ಎಪ್ಪತ್ತೈದು ದಾಟಿದ ಬೈರಪ್ಪ ನೆರೆತ ಮೀಸೆ ಕುಣಿಸುತ್ತ ಬಂದು ಮುನೀಂದ್ರನ ಕಾಲರಿಗೇ ಕೈ ಹಾಕಿದ.

"ಲೇ, ಯಾವನ್ಲಾ ನೀನು? ಇಷ್ಟು ತಲೆಮಾರು ಆದ್ಮ್ಯಾಕೆ ಪಾಲು ಕೇಳಾಕ ಬಂದಿದ್ದೀಯೇನ್ಲಾ?"

"ಅಯ್ಯೋ, ನಂಗೆ ಒಂದು ಗುಂಟೆನೂ ಬೇಡ ಯಜಮಾನ್ರೇ! ನಂಗೆ ಒಂದು ಬೆಡಗು ಬೇಕು, ಅಷ್ಟೇ!"

ಅಂಥ ಬೇಡಿಕೆಯನ್ನು ಆ ಊರು ಅದುವರೆಗೆ ಕೇಳಿರಲಿಲ್ಲ. ಬೈರಪ್ಪನ ಕೈ ಸಡಿಲವಾಯಿತು, ಶರ್ಟಿನ ಗುಂಡಿಯೊಂದು ಅವನ ಕೈಯಲ್ಲೇ ಉಳಿಯಿತು. ಜಗುಲಿಯ ಮೇಲೆ ಕೂತಿದ್ದ ಅವನ ತಾಯಿ ಅಕ್ಕಯ್ಯಮ್ಮ, ತೊಂಬತ್ತೈದರ ಹತ್ತಿರದ ಮುದುಕಿ, "ಇಲ್ಲಿ ಬಾರಪ್ಪ" ಎಂದು ಕರೆದಳು.

"ನಿಮ್ಮನ್ಯಾಗೆ ಯಾವ ಸೊಪ್ಪು ತಿನ್ನಲ್ಲ?"

"ಅಣ್ಣೆಸೊಪ್ಪು. ಅದನ್ನ ಮಾರೋಳು ಬಂದ್ರೆ ನಮ್ಮಮ್ಮ ಬಾಗಿಲು ಹಾಕ್ಕೊಂಡುಬಿಡೋಳು. ಯಾಕೆ ಅಂತ ಗೊತ್ತಿಲ್ಲ."

ಮುದುಕಿಯ ಮುಖ ಅರಳಿತು. "ಯಾಕಂದ್ರೆ ನೀನು ಅಣ್ಣೇರ ಬೆಡಗಿನೋನು, ಬೆಡಗಿನ ಎಸ್ರಿನ ಸೊಪ್ಪು ನಾವು ತಿನ್ನಲ್ಲ. ನಮ್ಮೋನೇ! ಬೈರಾ, ಪಿಳ್ಳಪ್ಪನ ಕುಡಿ ಕಣ್ಲಾ ಇದು. ಇವ್ನ ಕಾಲರಿಗಾ ಕೈ ಆಕೋದು?"

ಅವನನ್ನು ಊರ ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಪಿಳ್ಳಪ್ಪ ಅಗೆದ ಗುಂಡಿ ಒಂದು ಕುಂಟೆಯಾಗಿ ನಿಂತಿತ್ತು. ತುಂಬಾ ನೀರು, ದಡದಲ್ಲಿ ಹೊಂಗೆ ಮರ, ಕುತ್ತಿಗೆಯವರೆಗೆ ಮುಳುಗಿದ ಎಮ್ಮೆಗಳು. ಪಿಳ್ಳಪ್ಪನನ್ನು ಓಡಿಸಿದ ವರ್ಷದ ಮಳೆಗೇ ಗುಂಡಿ ತುಂಬಿತಂತೆ, ಆಮೇಲೆ ಒಂದು ಸಲವೂ ಬತ್ತಲಿಲ್ಲವಂತೆ. ಅವನನ್ನು ಹುಡುಕಿಕೊಂಡು ಹೋಗಲು ಊರಿಗೆ ನಾಚಿಕೆ. ಅದಕ್ಕೇ ಪ್ರತಿ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಬಾಗಿಲಾಚೆ ಪಿಳ್ಳಪ್ಪನಿಗೂ ಒಂದು ಎಲೆ ಹಾಕುತ್ತಾರೆ.

ಮುನೀಂದ್ರ ಬಗ್ಗಿ ಕುಂಟೆಯ ನೀರನ್ನು ಕಣ್ಣಿಗೊತ್ತಿಕೊಂಡ. ಅವನ ವಂಶಕ್ಕಾಗಿ ಯಾರೋ ಇಷ್ಟು ವರ್ಷ ಊಟ ಬಡಿಸಿ ಕಾದಿದ್ದರು. ಅದು ಗೊತ್ತಿಲ್ಲದೆ ಮೂರು ತಲೆಮಾರು ಒಂಟಿಯಾಗಿ ಉಂಡು ಕೈ ತೊಳೆದಿತ್ತು.

"ಅದ್ಸರಿ, ಈಗ್ಯಾಕೆ ಬೆಡಗು ಬೇಕಾಯ್ತು?" ಎಂದ ಬೈರಪ್ಪ.

"ಮದುವೆಗೆ. ಹೆಣ್ಣು ಬಂಗಾರಪೇಟೆ ವೆಂಕಟೇಶಪ್ಪನವರ ಅಕ್ಕನ ಮಗಳು, ಸುಮಿತಾ."

"ನಮ್ಮ ವೆಂಕಟೇಶನಾ? ಅವ್ನು ನನ್ ತಮ್ಮನ ಮಗ ಕಣಯ್ಯಾ!"

"ಹಾಗಾದ್ರೆ ಅವಳದ್ದೂ ಅಣ್ಣೇರ ಬೆಡಗಾ?" ಎಂದ ಮುನೀಂದ್ರ. ಬೈರಪ್ಪ ಅವನ ಬೆನ್ನು ತಟ್ಟಿದ. "ಎದರ್‌ಬ್ಯಾಡ. ಸುಮಿತನ ಅಪ್ಪ ಬ್ಯಾರೆ ಬೆಡಗಿನೋನು, ಅವ್ಳದ್ದೂ ಬ್ಯಾರೆ. ನಮ್ಮನೆ ಎಣ್ಣುಮಗಳ ಮಗಳು, ನಮ್ಮನೆಗೇ ಬತ್ತಾಳೆ. ಇದಕ್ಕಿಂತ ಒಳ್ಳೇ ಸಂಬಂಧ ಐತಾ?"

ವೆಂಕಟೇಶಪ್ಪನವರಿಗೆ ಫೋನು ಹೋಯಿತು. ಸುಮಿತಾಳನ್ನು ಕರೆದುಕೊಂಡು ಈಗಲೇ ಬರುತ್ತೇನೆ ಎಂದರು. ಕುಪ್ಪುಸ್ವಾಮಿ ತಾವೇ ಹೆಣ್ಣು ಹೆತ್ತವರ ಹಾಗೆ ಎಲ್ಲರಿಗೂ ಟೀ ಹಂಚಿದರು. ಮುನೀಂದ್ರ ಅಪರಿಚಿತರ ಜಗುಲಿಯ ಮೇಲೆ, ಅಪರಿಚಿತರ ನಡುವೆ, ಮನೆಯವನ ಹಾಗೆ ಕೂತಿದ್ದ. ಜೀವನದಲ್ಲಿ ಅಷ್ಟು ಸುಖವಾಗಿ ಅವನು ಎಲ್ಲೂ ಕೂತಿರಲಿಲ್ಲ.

ಅಕ್ಕಯ್ಯಮ್ಮ ಮಾತ್ರ ಬೆರಳು ಮಡಿಸುತ್ತ ಏನೋ ಲೆಕ್ಕ ಹಾಕುತ್ತಿದ್ದಳು. "ಇವ್ನನ್ನ ಏನಂತ ಕರೀಬೇಕು ನಾನು? ನಿಮ್ಮ ತಾತನ ಎಸ್ರೇನಪ್ಪಾ?"

"ಮುನಿಯಪ್ಪ. ಅವರ ಅಪ್ಪನೇ ಪಿಳ್ಳಪ್ಪ."

"ಅಷ್ಟೇನಾ? ನಡುವೆ ಇನ್ಯಾರೂ ಇಲ್ವಾ?"

"ಇಲ್ಲ. ನಮ್ಮಲ್ಲಿ ಎಲ್ಲರೂ ಸ್ವಲ್ಪ ತಡ."

ಸೀಗೆಗುಂಟಹಳ್ಳಿಯಲ್ಲಿ ಯಾರೂ ತಡ ಮಾಡಿರಲಿಲ್ಲ. ಮೀಸೆ ಚಿಗುರುವುದರೊಳಗೆ ಮದುವೆ, ಮರುವರ್ಷವೇ ಮಗು. ಮುದುಕಿ ಇನ್ನೊಂದು ಸಲ ಬೆರಳು ಮಡಿಸಿದಳು. "ಪಿಳ್ಳಪ್ಪನ ತಮ್ಮನ ಮರಿಮಗ ನಮ್ಮ ಮಾವನೋರು. ನೀನು ಪಿಳ್ಳಪ್ಪನ ಮರಿಮಗ. ಅಂದ್ರೆ ನಮ್ಮ ಮಾವನೋರಿಗೆ ನೀನು ಅಣ್ಣ. ಅಂದ್ರೆ..."

ಲೆಕ್ಕ ಅಲ್ಲಿಗೆ ಮುಗಿಯಿತು. ಗೋಡೆ ಹಿಡಿದು ಎದ್ದಳು, ಸೆರಗನ್ನು ತಲೆ ತುಂಬಾ ಎಳೆದುಕೊಂಡಳು, "ದೊಡ್ಡ ಮಾವನೋರ ಮುಂದೆ ಜಗುಲಿ ಮ್ಯಾಲೆ ಕುಂತುಬುಟ್ಟಿದ್ನಲ್ಲಾ" ಎಂದು ಬಾಗಿಲ ಮರೆಗೆ ಸರಿದಳು.

ಅವ್ವನಿಗೆ ಮಾವ ಅಂದರೆ ತನಗೆ ತಾತ ಎಂದು ಬೈರಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಶರ್ಟಿನ ಗುಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ. "ಗೊತ್ತಾಗ್ಲಿಲ್ಲ, ತಪ್ಪಾಯ್ತು ತಾತಾ!"

ಅಷ್ಟರಲ್ಲಿ ವೆಂಕಟೇಶಪ್ಪನವರ ಬೈಕು ಬಂತು. ಸುಮಿತಾ ಇಳಿಯುತ್ತಲೇ ಮುನೀಂದ್ರನನ್ನು ನೋಡಿ ನಕ್ಕಳು. ವಿಷಯ ಕೇಳಿದ ವೆಂಕಟೇಶಪ್ಪನವರು ನಗಲಿಲ್ಲ.

"ಅಂದ್ರೆ ನಂಗೆ ಇವ್ರು ಮುತ್ತಾತ. ಸುಮಿತಂಗೆ ಅದಕ್ಕೂ ಮ್ಯಾಲೆ. ಮುತ್ತಾತನಿಗೆ ಎಣ್ಣು ಕೊಡೋದು ಎಲ್ಲಾದ್ರೂ ಐತಾ?"

"ಏಳು ವರ್ಸ ದೊಡ್ಡೋರು, ಅಷ್ಟೇ ಅಲ್ವಾ ಮಾವ?" ಎಂದಳು ಸುಮಿತಾ.

"ವಯಸ್ಸು ಬ್ಯಾರೆ, ವರಸೆ ಬ್ಯಾರೆ ಕಣಮ್ಮಿ" ಎಂದು ಬಾಗಿಲ ಮರೆಯಿಂದ ಅಕ್ಕಯ್ಯಮ್ಮನ ದನಿ ಬಂತು. ಅಲ್ಲಿಗೆ ತೀರ್ಪಾಯಿತು.

ಮುನೀಂದ್ರ ಎದ್ದು ನಿಂತ. "ನಾನು ಪಿಳ್ಳಪ್ಪನ ಮರಿಮಗನೇ ಅಲ್ಲ ಅಂದ್ಕೊಳ್ಳಿ! ಬೆಡಗೂ ಬೇಡ, ಏನೂ ಬೇಡ. ಬೇಕಾದ್ರೆ ಅಣ್ಣೆಸೊಪ್ಪು ತನ್ನಿ, ಇಲ್ಲೇ ತಿಂದು ತೋರಿಸ್ತೀನಿ!"

ಜನ ಬಿದ್ದು ಬಿದ್ದು ನಕ್ಕರು. "ನಮ್ಮ ತಾತ ಬೋ ತಮಾಸೆ" ಅಂದರು.

ವೆಂಕಟೇಶಪ್ಪನವರು ಕೈ ಮುಗಿದರು. "ದೊಡ್ಡೋರು ನೀವು ಸಿಕ್ಕಿದ್ದೀರಿ. ಇನ್ಮ್ಯಾಕೆ ಇವ್ಳಿಗೆ ಗಂಡು ನೋಡೋ ಜವಾಬ್ದಾರಿ ನಿಮ್ದೇ."

"ಆಂಡರ್ಸನ್‌ಪೇಟೆಯಲ್ಲಿ ಒಬ್ಬ ಹುಡುಗ ಇದ್ದಾನೆ, ಒಳ್ಳೇ ಪಾರ್ಟಿ" ಎಂದು ಕುಪ್ಪುಸ್ವಾಮಿ ಆಗಲೇ ಫೋನು ತೆಗೆದಿದ್ದರು.

ಆಮೇಲೆ ಆಶೀರ್ವಾದದ ಸರದಿ. ಬೈರಪ್ಪ ಬಗ್ಗಿದ, ವೆಂಕಟೇಶಪ್ಪನವರು ಬಗ್ಗಿದರು, ಹೆಂಗಸರು ಕಂಕುಳ ಕೂಸುಗಳನ್ನೂ ಬಗ್ಗಿಸಿದರು. ನಲವತ್ತಮೂರು ವರ್ಷ ನೆಂಟರಿಲ್ಲದೆ ಬದುಕಿದವನಿಗೆ ಒಂದು ಮಧ್ಯಾಹ್ನದಲ್ಲಿ ಇಡೀ ಊರೇ ಮೊಮ್ಮಕ್ಕಳಾಯಿತು. ಸಿಗಬೇಕಾದವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಸಿಕ್ಕಿದರು.

ಕೊನೆಗೆ ಸುಮಿತಾಳನ್ನು ಮುಂದಕ್ಕೆ ತಳ್ಳಿದರು. ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡಿದಳು, ಆಮೇಲೆ ಬಗ್ಗಿ ಕಾಲು ಮುಟ್ಟಿದಳು. ಮುನೀಂದ್ರನ ಕೈ ಗಾಳಿಯಲ್ಲೇ ನಿಂತಿತು.

"ಬೇಗ ಮದುವೆಯಾಗ್ಲಿ ಅನ್ನು ತಾತಾ" ಎಂದು ಬೈರಪ್ಪ ಹೇಳಿಕೊಟ್ಟ.

ಊರೆಲ್ಲ ಕಾಯುತ್ತಿತ್ತು. ಮುನೀಂದ್ರ ಅವಳ ತಲೆಯ ಮೇಲೆ ಕೈಯಿಟ್ಟ. "ಬೇಗ... ಮದುವೆಯಾಗ್ಲಿ" ಎಂದ.

ಸುಮಿತಾ ಎದ್ದು ಸೆರಗಿನಿಂದ ಮೂಗೊರೆಸಿಕೊಂಡಳು.

"ಆಯ್ತು ತಾತ" ಅಂದಳು.