ಬೇಲಿಗೆ ಬಣ್ಣ, ನನಗೆ ಅರಿಶಿನ

ಹೆಂಡತಿ ತವರಿಗೆ ಹೋದರೆ ಗಂಡಸಿಗೆ ಸ್ವಾತಂತ್ರ್ಯ ಸಿಗುತ್ತದೆಂದು ಯಾರು ಹೇಳಿದರೋ, ಅವರು ಹನ್ನೆರಡು ದಿನ ತಾವೇ ಬಡಿದ ರೊಟ್ಟಿ ತಿಂದವರಲ್ಲ. ನಾನು ತಿಂದಿದ್ದೇನೆ.

ಎಪ್ಪತ್ತೊಂದರ ಬೇಸಿಗೆ. ಹುಮನಾಬಾದಿನ ನಮ್ಮ ಮನೆಯ ಮುಂದೆ, ನನ್ನಾಕೆ ಭಾಗಮ್ಮನ ಮಲ್ಲಿಗೆ ಗಿಡಗಳನ್ನು ಆಡುಗಳಿಂದ ಕಾಪಾಡಲೆಂದು ಹಾಕಿಸಿದ ಕಟ್ಟಿಗೆಯ ಬೇಲಿ ಇತ್ತು. ಗೆದ್ದಲು ಹತ್ತುವ ಮೊದಲು ಅದಕ್ಕೆ ಬಣ್ಣ ಹಚ್ಚಿ ಎಂದು ಅವಳು ಒಂದು ವರ್ಷದಿಂದ ಹೇಳುತ್ತಿದ್ದಳು. ನಾನು ಒಂದು ವರ್ಷದಿಂದ 'ನಾಳೆ' ಎನ್ನುತ್ತಿದ್ದೆ. (ಹತ್ತು ವರ್ಷ ಗುಮಾಸ್ತಿಕೆ ಮಾಡಿದವನ ಬಾಯಲ್ಲಿ ಬೇರೆ ಮಾತು ಬರುವುದೂ ಕಷ್ಟ.)

"ಬೇಲಿಗೆ ಬಣ್ಣ ಬಿದ್ದ ದಿನ ಬರ್ತೀನ್ರಿ. ಅಲ್ಲೀತನಕ ನಿಮ್ಮ ರೊಟ್ಟಿ ನೀವೇ ಬಡ್ಕೊಳ್ರಿ" ಎಂದು ಅವಳು ಇಬ್ಬರು ಸಣ್ಣ ಮಕ್ಕಳನ್ನು ಕರೆದುಕೊಂಡು ಹುಲಸೂರಿನ ಅಣ್ಣನ ಮನೆಗೆ ಹೊರಟೇಬಿಟ್ಟಳು.

ಹದಿಮೂರನೆಯ ದಿನ ಭಾನುವಾರ. ಹೊಟ್ಟೆಯೂ ಮನೆಯೂ ಭಣಭಣ ಎನ್ನುತ್ತಿದ್ದವು. ಇವತ್ತು ಬಣ್ಣ ಹಚ್ಚಿ, ನಾಳೆ ನಾನೇ ಹೋಗಿ ಅವಳನ್ನು ಕರೆತಂದು ಬೆರಗುಗೊಳಿಸುತ್ತೇನೆಂದು ಭೀಷ್ಮಪ್ರತಿಜ್ಞೆ ಮಾಡಿದೆ. ಅಂಗಡಿಯ ಎಣ್ಣೆ ಬಣ್ಣ ದುಬಾರಿ. ಮನೆಯಲ್ಲೇ ಸುಣ್ಣವಿತ್ತು, ಕೆಮ್ಮಣ್ಣೂ ಇತ್ತು. ಒಂದು ಪಟ್ಟಿ ಬಿಳಿ, ಒಂದು ಪಟ್ಟಿ ಕೆಂಪು! ಮಧ್ಯಾಹ್ನದ ಹೊತ್ತಿಗೆ ಬೇಲಿ ಝಗಝಗಿಸತೊಡಗಿತು. ನನ್ನೊಳಗೆ ಇಂಥ ಕಲಾವಿದನನ್ನು ಬಚ್ಚಿಟ್ಟುಕೊಂಡು ಇಷ್ಟು ವರ್ಷ ಫೈಲು ಕಟ್ಟಿದೆನಲ್ಲ ಎಂದು ನನಗೇ ಮರುಕ ಹುಟ್ಟಿತು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ವೈಶಾಖದಲ್ಲಿ ಒಂದು ಮನೆಗೆ ಸುಣ್ಣ-ಕೆಮ್ಮಣ್ಣಿನ ಪಟ್ಟಿ ಎದ್ದಿತೆಂದರೆ ಅಲ್ಲಿ ಮದುವೆ ಎಂದೇ ಅರ್ಥ. ಲಗ್ನಪತ್ರಿಕೆಯೂ ಬೇಕಾಗಿಲ್ಲ. ಇದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತು. ಆ ದಿನ ಮಾತ್ರ ನೆನಪಾಗಲಿಲ್ಲ.

ಅಷ್ಟರಲ್ಲಿ ಸುಣ್ಣ ಸಿಡಿದು ಮುಖ, ಕೈ ಎಲ್ಲ ಉರಿಯತೊಡಗಿತು. ತೊಳೆದುಕೊಂಡರೂ ಉರಿ ಇಳಿಯಲಿಲ್ಲ. ನನ್ನ ಕುಣಿತ ನೋಡಿ ಪಕ್ಕದ ಮನೆಯ ಮುದುಕಿ ವಜೀರಬಿ ಬಟ್ಟಲು ಹಿಡಿದು ಓಡಿ ಬಂದಳು.

"ಅಯ್ಯೋ ಬೇಟಾ, ಸುಣ್ಣ ಹೀಂಗ ಮೈಮ್ಯಾಲ ಚೆಲ್ಲಕೋತಾರೇನು? ಅರಿಶಿಣ ಎಣ್ಣಿ ತಂದೀನಿ, ಹಚ್ಚಕೋ. ತೊಳೀಬ್ಯಾಡ, ನಾಳೀತನಕ ಹಾಂಗೇ ಇರ್ಲಿ."

ಹಚ್ಚಿಕೊಂಡೆ. ಮುಖಕ್ಕೆ, ಕುತ್ತಿಗೆಗೆ, ಮೊಣಕೈವರೆಗೆ. ಉಟ್ಟ ಧೋತರ ಕೆಮ್ಮಣ್ಣಾಗಿತ್ತೆಂದು ಹೊಸ ಬಿಳಿ ಧೋತರ ಉಟ್ಟು ಕಟ್ಟೆಯ ಮೇಲೆ ಕುಳಿತೆ. ಆಗಲೇ ಕಲ್ಯಾಣ ಪಟ್ಟಣದ ಮೇಲೆ ಹಾದು ಹುಲಸೂರಿಗೆ ಹೋಗುವ ಬಸ್ಸು ಬಂದು ನಮ್ಮ ಮನೆಯೆದುರು ನಿಧಾನವಾಯಿತು. ಕಂಡಕ್ಟರ್ ತುಳಜಾರಾಮ ಭಾಗಮ್ಮನ ತವರು ಓಣಿಯವನು. ಬೇಲಿ ನೋಡಿದ, ನನ್ನ ಹಳದಿ ಮುಖ ನೋಡಿದ, ಬಾಗಿಲಲ್ಲೇ ಜೋತುಬಿದ್ದು ಕೂಗಿದ.

"ಸಾಹೇಬ್ರ, ಏನ್ರಿ ಇದು! ಭಾಗಮ್ಮಕ್ಕಗ ಗೊತ್ತದ ಏನ್ರಿ?"

"ಇಲ್ಲೋ ಮಾರಾಯಾ! ಕೈ ಮುಗೀತೀನಿ, ಹುಲಸೂರಾಗ ಬಾಯಿ ಬಿಡಬ್ಯಾಡ. ಎಲ್ಲಾ ಮುಗಿದ ಮ್ಯಾಲೇ ಆಕಿಗೆ ತಿಳೀಬೇಕು."

"ಯಾವಾಗ ಮುಗೀತದ್ರಿ?"

"ನಾಳಿ ಮುಂಜಾನಿ. ಯಾರಿಗೂ ಕರ್ದಿಲ್ಲ, ಒಬ್ಬನೇ ಎಲ್ಲಾ ಮಾಡಾಕತ್ತೇನಿ!"

ಅವನು ಹೌಹಾರಿ ಸೀಟಿ ಊದಿದ. ನನ್ನ ಕೈಚಳಕಕ್ಕೆ ಬೆರಗಾದನೆಂದು ನಾನು ಮೀಸೆ ತಿರುವಿದೆ.

ಮರುದಿನ ಬೆಳಿಗ್ಗೆ ಎರಡನೇ ಸಲ ಬಣ್ಣ ಬಳಿಯುತ್ತಿದ್ದೆ. ಮೊದಲ ಬಸ್ಸಿನಿಂದ ಭಾಗಮ್ಮನ ಅಣ್ಣ ಮಹಾರುದ್ರಪ್ಪ ಬಡಿಗೆ ಸಮೇತ ಇಳಿದ. ಹಿಂದೆ ಭಾಗಮ್ಮ, ಮಕ್ಕಳು.

"ಎಲ್ಲಿ ಅದಾಳ ಆಕಿ?" ಎಂದು ಗರ್ಜಿಸಿದ.

"ಯಾರ್ರಿ?"

"ಹೊಸ ಹೆಂಡ್ತಿ! ಸುಣ್ಣ-ಕೆಮ್ಮಣ್ಣು ಹಚ್ಚೀರಿ, ಮೈಗೆ ಅರಿಶಿಣ ಬಡ್ಕೊಂಡೀರಿ, ನನ್ನ ತಂಗೀಗಿ ಹೇಳಬ್ಯಾಡ ಅಂದೀರಿ. ಮ್ಯಾಲ ಯಾರ್ರಿ ಅಂತ ನನಗೇ ಕೇಳಾಕತ್ತೀರಿ?"

ಕೈಯಲ್ಲಿದ್ದ ಕುಂಚ ಬಕೆಟ್ಟಿಗೆ ಬಿತ್ತು. ಹೆಂಡತಿ ಅಳುತ್ತಿದ್ದಾಳೆಂದು ಗಾಬರಿಯಿಂದ ನೋಡಿದರೆ, ಅವಳು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

"ನಾ ಬಸ್ಸಿನಾಗೇ ಹೇಳೀನಲ್ಲ ಅಣ್ಣಾ! ಬೇಲಿಗೆ ಬಣ್ಣ ಹಚ್ಚಿರ್ಬೇಕು, ಅಷ್ಟೇ. ಇವರಿಗಿ ಮತ್ತ ಯಾರು ಹೆಣ್ಣು ಕೊಡ್ತಾರ?"

ಬದುಕಿದೆಯಾ ಬಡಜೀವವೇ ಎಂದು ನಾನು ಸುಮ್ಮನಿರಬೇಕಿತ್ತು. ಆದರೆ ಓಣಿಯವರೆಲ್ಲ ಸೇರಿದ್ದರು, ಸ್ವಾಭಿಮಾನ ಕೆರಳಿತು.

"ಯಾಕ ಕೊಡೂದಿಲ್ಲ? ನನಗೇನ ಕಮ್ಮಿ ಆಗೇದ? ಸರ್ಕಾರಿ ನೌಕರಿ ಅದ, ಸ್ವಂತ ಮನಿ ಅದ!"

ಮಹಾರುದ್ರಪ್ಪ ನನ್ನನ್ನು ಬೋಳು ತಲೆಯಿಂದ ಅಂಗುಷ್ಠದವರೆಗೆ ನಿಧಾನವಾಗಿ ನೋಡಿದ. ನೋಡುತ್ತ ನೋಡುತ್ತ ಅವನ ಸಿಟ್ಟು ಇಳಿಯಿತು. ಬಡಿಗೆಯೂ ಇಳಿಯಿತು. ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

"ಇರ್ಲಿ ಬಿಡ್ರಿ, ತಪ್ಪು ನನ್ನದೇ. ವಿಚಾರ ಮಾಡಲಾರದೆ ಬಂದುಬಿಟ್ಟೆ" ಎಂದ. ವಜೀರಬಿ ಕೂಡ ಹೌದೆಂದು ತಲೆಯಾಡಿಸಿದಳು.

ಭಾಗಮ್ಮ ಮಕ್ಕಳೊಂದಿಗೆ ಒಳಗೆ ಹೋದಳು. ನನಗೆ ಬೇಕಾಗಿದ್ದೂ ಅದೇ. ಆದರೂ ಆ ಬಡಿಗೆಯಿಂದ ಅವನು ಎರಡೇಟು ಹಾಕಿದ್ದರೆ ಎಷ್ಟೋ ವಾಸಿಯಿತ್ತು.