ಶೇಕಡಾ ನೂರಾ ಮೂವತ್ತೈದು!

ಸೋಸುವ ಕಾಗದದ ಅಂಚಿಗೆ ಅಂಟಿದ್ದ ಕೊನೆಯ ಬಿಳಿ ಪುಡಿಯನ್ನು ಪಾರಿವಾಳದ ಗರಿಯಿಂದ ಬಟ್ಟಲಿಗೆ ಉದುರಿಸಿದೆ. ಒಂದು ಕಣವೂ ಹೊರಗೆ ಬೀಳಲಿಲ್ಲ. ಕೆಲಸವೆಂದರೆ ಹೀಗಿರಬೇಕು!

ಬನಹಟ್ಟಿಯ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿ. ಸೋಮವಾರ ಆಡಳಿತ ಮಂಡಳಿಯವರು ನನ್ನ ಪಾಠ ನೋಡಿ, ನೌಕರಿ ಕಾಯಂ ಮಾಡುವುದೋ ಬಿಡುವುದೋ ಹೇಳುವವರಿದ್ದರು. ಪಾಠ ಶೇಕಡಾ ಇಳುವರಿಯದು. ವಾಷಿಂಗ್ ಸೋಡಾ ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಸೀಮೆಸುಣ್ಣದಂಥ ಪುಡಿ ತಳಕ್ಕಿಳಿಯುತ್ತದೆ. ನನ್ನ ಅಳತೆಗೆ ಲೆಕ್ಕದ ಪ್ರಕಾರ ಇಪ್ಪತ್ತು ಗ್ರಾಂ ಬರಬೇಕು. ಸೋಸುವಾಗ, ತೊಳೆಯುವಾಗ ಒಂದಿಷ್ಟು ಹೋಗಿ ಹದಿನೆಂಟು ಸಿಕ್ಕರೆ, ಅದನ್ನು ಇಪ್ಪತ್ತರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಇಳುವರಿ ಶೇಕಡಾ ತೊಂಬತ್ತು.

ಕಾಲೇಜಿನಲ್ಲಿ ಪುಡಿ ಒಣಗಿಸುವ ಯಂತ್ರ ಕೆಟ್ಟಿತ್ತು. ಬಟ್ಟಲನ್ನು ಮನೆಗೆ ತಂದು ಭಾನುವಾರ ಮಾಳಿಗೆಯ ಬಿಸಿಲಿಗಿಟ್ಟೆ. ಸಂಜೆ ಅವ್ವ ಅದರ ಬಾಯಿಗೆ ಅರಿವೆ ಕಟ್ಟಿ ತೆಗೆದಿಟ್ಟಿದ್ದಳು. ಹಾಗೆಯೇ ಕಾಲೇಜಿಗೆ ಒಯ್ದೆ.

"ಜಗತ್ತಿನ ಯಾವ ಪ್ರಯೋಗಶಾಲೆಯಲ್ಲೂ ಇಳುವರಿ ನೂರು ದಾಟುವುದಿಲ್ಲ. ದಾಟಿದರೆ ಪುಡಿ ಹಸಿಯಾಗಿದೆ, ಇಲ್ಲವೇ ಕಲಬೆರಕೆಯಾಗಿದೆ," ಎಂದು ಗಂಭೀರವಾಗಿ ಸಾರಿ, ಎಲ್ಲರೆದುರು ತೂಗಿದೆ. ಬಟ್ಟಲಿನ ತೂಕ ಕಳೆದು ಇಪ್ಪತ್ತೇಳು ಗ್ರಾಂ!

"ನೂರಾ ಮೂವತ್ತೈದು!" ಹಿಂದಿನ ಬೆಂಚಿನಿಂದ ಕೂಗು ಬಂತು. ಅದುವರೆಗೆ ಒಂದು ಲೆಕ್ಕವನ್ನೂ ಸರಿ ಮಾಡದ ಬೆಂಚು ಅದು!

ಮಂಡಳಿಯಲ್ಲಿದ್ದ ಮುಧೋಳದ ಸಾಹುಕಾರರು ಕಬ್ಬು ಬೆಳೆಯುವವರು. ಎದ್ದು ಬಂದವರೇ ಒಂದು ಚಿಟಿಕೆ ತೆಗೆದರು.

"ಬಾಯಾಗ ಹಾಕಬ್ಯಾಡ್ರಿ!" ಎಂದು ಚೀರಿದೆ. ಹಾಕಿಯಾಗಿತ್ತು.

"ಸಕ್ರಿ ಐತಲ್ರೀ ಇದು! ನೂರು ಟನ್ ಕಬ್ಬು ಅರದ್ರ ಹತ್ತು ಟನ್ ಸಕ್ರಿ ಸಿಗೂದು ತ್ರಾಸ. ಮೇಡಮ್ಮಾರು ಸೋಡಾದಾಗ ನೂರಾ ಮೂವತ್ತೈದು ತಗದಾರ! ಕಬ್ಬ ಕಿತ್ತ ಒಗೀರೆಪಾ!"

ಎಲ್ಲರೂ ನಕ್ಕರು. ಪ್ರಾಂಶುಪಾಲರು ಮಾತ್ರ ನಗಲಿಲ್ಲ. "ಖರೆ ಇಳುವರಿ ಎಷ್ಟಂತ ನಾಳಿ ತೂಗಿ ತೋರಸ್ರಿ. ನೌಕರಿ ಮಾತು ಆಮ್ಯಾಲೆ."

ಮನೆಗೆ ಬಂದು ಬಟ್ಟಲನ್ನು ಅವ್ವನ ಮುಂದೆ ಕುಕ್ಕಿದೆ.

"ಗಂಗಕ್ಕ ರಂಗೋಲಿ ತೀರೇತಿ ಅಂದ್ಲು. ಮಾಳಗಿ ಮ್ಯಾಲಿಂದು ಕೊಟ್ಟೆ. ತಪ್ಪೇನಾತು?"

ಪಕ್ಕದ ಮನೆಯ ಗಂಗಕ್ಕ ಗೋಡೆಯ ಮೇಲಿಂದ ಇಣುಕಿದಳು. "ಭಾಳ ನುಣುಪಿತ್ತು ಬೇ ಸುನಂದಾ! ಮಂದಿ ಬಟ್ಟಲಾ ಬರಿದ ಹೊಳ್ಳಿ ಕೊಡಬಾರದು ನೋಡು. ಉಂಡಿಗೆ ಬೀಸಿದ್ದ ಸಕ್ರಿ ಹಿಟ್ಟು ತುಂಬೇನಿ. ನಿಮ್ಮದಕ್ಕಿಂತ ಒಂದೀಟು ಹೆಚ್ಚ ಹಾಕೇನಿ!"

ಆ 'ಒಂದೀಟು' ನನ್ನ ನೌಕರಿಗೆ ಕುತ್ತು ತಂದಿತ್ತು!

"ನನ್ನ ಕೇಳಬೇಕೋ ಬ್ಯಾಡೋ?"

"ಸುಣ್ಣ ಹೋಗಿ ಸಕ್ರಿ ಬಂದೇತಿ," ಎಂದಳು ಅವ್ವ. "ಅದಕ್ಕೂ ಸಿಟ್ಟೇನ?"

ನಾನು ಕೋಣೆಯ ಬಾಗಿಲು ಹಾಕಿಕೊಂಡೆ. ಊಟ ಮಾಡಲಿಲ್ಲ. ನನ್ನ ಸಿಟ್ಟಿನ ಕಾವಿಗೆ ಹತ್ತು ಬಟ್ಟಲು ಹಸಿ ಪುಡಿ ಒಣಗುತ್ತಿತ್ತು!

ಮರುದಿನ ಬೆಳಿಗ್ಗೆ, ಗಂಗಕ್ಕ ಅಂಗಳ ಗುಡಿಸುವ ಮೊದಲೇ ಹೋಗಿ, ಅವಳು ಹಿಂದಿನ ದಿನ ಬಿಡಿಸಿದ್ದ ರಂಗೋಲಿಯನ್ನು ಎಳೆ ಎಳೆಯಾಗಿ ಮೊರಕ್ಕೆ ಗುಡಿಸತೊಡಗಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಅಯ್ಯ ನನ್ನವ್ವಾ! ಮಂದಿ ಅಂಗಳದ ಕಸಾ ಯಾಕ ಹೊಡಿಯಾಕತ್ತಿ? ನೌಕರಿ ಹೋತೇನ?"

ನೆಲಕ್ಕಂಟಿದ್ದನ್ನೂ ಕೆರೆದುಕೊಂಡು ನೇರ ಕಾಲೇಜಿಗೆ ನಡೆದೆ. ಮಣ್ಣು, ಸಗಣಿಯ ಚೂರು ಎಲ್ಲ ಸೇರಿ ನಲವತ್ತು ಗ್ರಾಂ ತೂಗಿತು. ಪ್ರಾಂಶುಪಾಲರ ಎದುರಿಗೇ ಸೀಮೆಸುಣ್ಣ ಹಿಡಿದು, ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: ಇಳುವರಿ ಶೇಕಡಾ ಇನ್ನೂರು.