ಕಾಕಾ ತೆಗೆದ ಫೋಟೋದ ಫೋಟೋ

ನಮ್ಮ ಕಾಕಾ ಒಂದು ಫೋಟೋ ತೆಗೆಯುವಷ್ಟರಲ್ಲಿ ಎದುರು ಕುಳಿತವರಿಗೆ ವಯಸ್ಸಾಗುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ರೋಣದಲ್ಲಿ ಯಾರನ್ನಾದರೂ ಕೇಳಿ! ಅಪ್ಪನ ತಮ್ಮನಾಗಿ ಹತ್ತಿ ಅಂಗಡಿಯ ಗಾದಿಯ ಮೇಲೆ ಕೂರಬೇಕಾದವರು ಕೊರಳಿಗೊಂದು ಡಬ್ಬಿ ಕ್ಯಾಮೆರಾ ನೇತುಹಾಕಿಕೊಂಡು, "ಅಲಗಾಡಬ್ಯಾಡ್ರಿ, ಬಿಸಲು ಬರ್ಲಿ" ಎಂದು ಊರವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಬಿಸಿಲು ಬರುವ ಹೊತ್ತಿಗೆ ಮೂಗಿನ ಮೇಲೆ ನೊಣ ಬಂದಿರುತ್ತಿತ್ತು.

ಐವತ್ತರ ದಶಕದ ನಡುವೆ ನನ್ನ ಮದುವೆಯ ಮಾತು ಬಂತು. ಗಜೇಂದ್ರಗಡದ ಮನೆಯವರು ಹುಡುಗಿಯ ಫೋಟೋ ಕಳಿಸಿ ಎಂದರು. ಆಗ ಹುಡುಗನ ಕಡೆಯವರೆಲ್ಲ ಬಂದು ಹುಡುಗಿಯನ್ನು ನೋಡುತ್ತಿದ್ದರು. ಹುಡುಗಿ ಮಾತ್ರ ತನ್ನ ಕಾಲ್ಬೆರಳನ್ನು ನೋಡಿಕೊಳ್ಳಬೇಕು. ಹುಡುಗನ ಮುಖ ಒಮ್ಮೆಯಾದರೂ ನೋಡದೆ ಹೂಂ ಎನ್ನಲು ನನಗೆ ಮನಸ್ಸಿರಲಿಲ್ಲ. ಅವ್ವನಿಗೆ ಹೇಳಿದರೆ, "ಮದುವಿ ಆದಮ್ಯಾಲ ದಿನಾ ನೋಡೂದು ಐತಲ್ಲ" ಎಂದಳು. ಕಾಕಾಗೆ ಹೇಳಿದೆ. ಅವರು ಕ್ಯಾಮೆರಾ ಒರೆಸುತ್ತ ಕೇಳಿಸಿಕೊಂಡರು.

ಹೊಸದೊಂದು ಫೋಟೋ ತೆಗೆದರೆ ಮುಗಿಯುತ್ತಿತ್ತಲ್ಲ? ಕಾಕಾ ಒಪ್ಪಬೇಕಲ್ಲ! ಹಿಂದಿನ ವರ್ಷ ಮುಂಬೈಯ ಭಾವ ಹೊಳೆಆಲೂರು ಸ್ಟೇಷನ್ನಿನಲ್ಲಿ ರೈಲು ಹತ್ತುವ ಮೊದಲು ನನ್ನದೊಂದು ಬಣ್ಣದ ಸ್ಲೈಡು ತೆಗೆದಿದ್ದರು. ರಟ್ಟಿನ ಚೌಕಟ್ಟಿನೊಳಗೆ ಎರಡು ಬೆರಳಗಲದ ಫಿಲ್ಮು. ಬೆಳಕಿಗೆ ಹಿಡಿದರೆ ಅದರಲ್ಲಿ ನಾನು ನಗುತ್ತಿದ್ದೆ.

"ನಾ ಕ್ಯಾಮೆರಾ ಹಿಡದ್ರ ನೀ ಕಷಾಯ ಕುಡದಾಂಗ ಮಾರಿ ಮಾಡ್ತಿ. ಇದರಾಗ ನೋಡು, ಎಷ್ಟ ಚಲೋ ನಕ್ಕೀದಿ. ಇದನ್ನ ಕಪ್ಪು ಬಿಳಿ ಫಿಲ್ಮಿಗೆ ಇಳಸ್ತೀನಿ" ಎಂದರು ಕಾಕಾ.

ಬಿಸ್ಕೀಟಿನ ಡಬ್ಬಿಯ ತಳಕ್ಕೆ ಕಿಂಡಿ ಕೊರೆದು ಸ್ಲೈಡು ಸಿಗಿಸಿದರು. ಅದರ ಹಿಂದೆ ಎಣ್ಣೆ ಹಚ್ಚಿದ ಕಾಗದ, ಮುಂದೆ ಭೂತಗನ್ನಡಿ, ಆಮೇಲೆ ಕ್ಯಾಮೆರಾ. ಈ ಇಡೀ ಸಂಸಾರವನ್ನು ಬಿಸಿಲು ಬಿದ್ದ ಸುಣ್ಣದ ಗೋಡೆಗೆ ತಿರುಗಿಸಿಟ್ಟು ಬಾಯಲ್ಲಿ ಎಣಿಸಿದರು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ನಡೆದಾಡುವ ಹಾಗಿಲ್ಲ. ಜೋಳದ ಚೀಲಗಳ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು, ಕಾಗದಕ್ಕೆ ಇಳಿಸಿ ನೋಡಿದರೆ ನನ್ನ ಮುಖ ಸುಣ್ಣ, ಕೂದಲು ಇದ್ದಿಲು, ನಡುವೆ ಏನೂ ಇಲ್ಲ! ನರಗುಂದದ ಸ್ಟುಡಿಯೊಗೆ ಸೈಕಲ್ ತುಳಿದರು. ಬೆಳಕು ಜಾಸ್ತಿ ಕೊಡಿ, ಫಿಲ್ಮು ತೊಳೆಯುವ ಔಷಧದಲ್ಲಿ ಕಡಿಮೆ ಹೊತ್ತು ಇಡಿ ಎಂದು ಅಲ್ಲಿ ಹೇಳಿ ಕಳಿಸಿದರು.

ಎರಡನೆಯ ಸಲ ಮುಖ ಬಂತು. ಜೊತೆಗೆ ಏಳೆಂಟು ಮಚ್ಚೆಗಳೂ ಬಂದವು. ನನಗಿರುವುದು ಎಡಗೆನ್ನೆಯ ಮೇಲೆ ಒಂದೇ. ಉಳಿದದ್ದೆಲ್ಲ ಸ್ಲೈಡಿನ ಮೇಲಿನ ಧೂಳು.

"ನಾಳಿ ಮನ್ಯಾಗ ಯಾರೂ ಕಸಾ ಹೊಡೀಬ್ಯಾಡ್ರಿ" ಎಂದು ಕಾಕಾ ಅಪ್ಪಣೆ ಮಾಡಿದರು.

"ಮಣ್ಣಿನ ಮಾಳಿಗಿ ಕಟ್ಟಿದಾವ್ರು ನಿಮ್ಮ ಹಿರ್ಯಾರು. ಧೂಳಿನ ತಕರಾರು ಅವರಿಗೆ ಹೇಳ್ರಿ" ಎಂದಳು ಅವರ ಹೆಂಡತಿ, ನಮ್ಮ ಕಾಕು.

ಆ ಕಾಕುವಿನದೇ ರೇಷ್ಮೆ ಸೀರೆಯ ತುದಿಯಿಂದ ಸ್ಲೈಡು ಒರೆಸಿ, ಮತ್ತೆ ಸಿಗಿಸಿ, ಮೂರನೆಯ ಸಲ ತೆಗೆದರು. ಮುತ್ತಿನಂಥ ಫೋಟೋ! ಅದು ಗಜೇಂದ್ರಗಡಕ್ಕೆ ಹೋಯಿತು, ಅವರಿಗೆ ಹಿಡಿಸಿತು, ಹುಡುಗಿ ನೋಡಲು ಬಂದೇಬಿಟ್ಟರು.

ಹುಡುಗ ಜಮಖಾನೆ ನೋಡುತ್ತ ಕುಳಿತಿದ್ದ, ನಾನು ನನ್ನ ಕಾಲ್ಬೆರಳನ್ನು. ಹುಡುಗನ ತಾಯಿ ಫೋಟೋವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಫೋಟೋದಾಗ ಮಚ್ಚಿ ಬಲಗಲ್ಲಕ್ಕ ಐತಿ, ಇಕಿಗೆ ಎಡಗಲ್ಲಕ್ಕ ಐತಿ. ಒಬ್ಬಾಕಿನ್ನ ತೋರಿಸಿ ಇನ್ನೊಬ್ಬಾಕಿನ್ನ ಕುಂಡ್ರಿಸೀರೇನು?"

ಬಂದವರು ತಲೆಯ ರುಮಾಲು ಸರಿಮಾಡಿಕೊಂಡು ಎದ್ದೇಬಿಟ್ಟರು.

"ಕೂಡ್ರಿ ಅಕ್ಕಾರ, ಹುಡುಗಿ ಇಕೀನ" ಎಂದರು ಕಾಕಾ. "ನಾ ಸ್ಲೈಡು ಹಿಂದಮುಂದ ಹಾಕೀನಿ, ತಪ್ಪು ನಂದು. ಕನ್ನಡಿಯೊಳಗ ನೋಡಿದ್ರ ಫೋಟೋದಾಂಗ ಕಾಣ್ತಾಳ. ಹುಡುಗನೇ ನೋಡ್ಲಿ, ಹರೇದವರ ಕಣ್ಣು ಚುರುಕ ಇರ್ತಾವು."

ಯಾರಾದರೂ ಬೇಡ ಎನ್ನುವುದರೊಳಗೆ ಹುಡುಗನ ಒಂದು ಕೈಗೆ ಫೋಟೋ, ಇನ್ನೊಂದು ಕೈಗೆ ಕನ್ನಡಿ ಕೊಟ್ಟು, ನನ್ನನ್ನು ಅವನ ಹೆಗಲ ಹಿಂದೆ ಕೂರಿಸಿದರು. "ತಲಿ ಎತ್ತವಾ, ಮಚ್ಚಿ ಕಾಣ್ಲಿ" ಎಂದರು. ಎತ್ತಿದೆ. ಕನ್ನಡಿಯಲ್ಲಿ ಗುಂಗುರು ಕೂದಲಿನ, ನನಗಿಂತ ಹೆದರಿದ್ದ ಒಂದು ಮುಖ! ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. "ಇಕೀನ ಅವ್ವಾ" ಎಂದ.

ಕಾಕಾ ಸ್ಲೈಡನ್ನು ಗೊತ್ತಾಗದೆ ತಿರುಗಿಸಿ ಹಾಕಿದರೋ, ಗೊತ್ತಿದ್ದೇ ಹಾಕಿದರೋ? ಸೂಜಿ ಮೊನೆಯಷ್ಟು ಧೂಳನ್ನೂ ಬಿಡದ ಮನುಷ್ಯ! ನಾನು ಯಾವತ್ತೂ ಕೇಳಲಿಲ್ಲ.

ನನ್ನನ್ನು ಒಳಗೆ ಕಳಿಸಿ ಅಪ್ಪ ಎಲೆ ಅಡಿಕೆಯ ತಟ್ಟೆ ಹಿಡಿದು ಮಾತು ಕೊಡಲು ಕುಳಿತಿದ್ದ. "ಸ್ವಲ್ಪ ತಡಿ ಅಣ್ಣಾ" ಎಂದು ಕಾಕಾ ಅಡುಗೆಮನೆಗೆ ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕುಳಿತರು.

"ನೋಡಿದೇನವಾ? ಮನಸಿಗೆ ಬಂದಾನೇನು? ಬ್ಯಾಡಾದ್ರ ಬ್ಯಾಡನ್ನು, ಹೊರಗ ಹೋಗಿ ನಾ ಹೇಳ್ತೀನಿ."

ಹನ್ನೊಂದು ಜನರ ಆ ಮನೆಯಲ್ಲಿ ನನ್ನನ್ನು ಕೇಳಿದವರು ಅವರೊಬ್ಬರೇ. ಹೂಂ ಎನ್ನುವ ಮೊದಲೇ ನನಗೆ ಅಳು ಬಂತು. ಹೊರಗೆ ಎರಡೂ ಕಡೆಯ ಹಿರಿಯರು ಕಾಯುತ್ತಿದ್ದರು. ನನ್ನ ಅಳು ಮುಗಿದು ನಾನು ಹೂಂ ಎನ್ನುವವರೆಗೂ ಕಾಕಾ ಅಲ್ಲಿಂದ ಏಳಲಿಲ್ಲ.